ಕುಂಡದ ಗಿಡಗಳಲ್ಲಿ ಕಾಂಡ ಕೊಳೆ ರೋಗ: ಗುರುತಿಸುವ ಬಗೆ, ಗಿಡ ಉಳಿಸುವ ಕ್ರಮ ಮತ್ತು ಮುನ್ನೆಚ್ಚರಿಕೆ

(ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಮನೆಯ ಅಂಗಳ, ಮಾಳಿಗೆ, ಪಡಸಾಲೆ ಹಾಗೂ ಕಚೇರಿಗಳ ಕುಂಡಗಳಲ್ಲಿ ಬೆಳೆಸುವ ತುಳಸಿ, ಮನಿ ಪ್ಲಾಂಟ್, ಲೋಳೆಸರ, ಡಂಬ್ ಕೇನ್, ಸ್ನೇಕ್ ಪ್ಲಾಂಟ್, ದಾಸವಾಳ ಮುಂತಾದ ಗಿಡಗಳು ಮಳೆಗಾಲದಲ್ಲಿ ಬುಡದ ಬಳಿ ಮೆತ್ತಗಾಗಿ, ಕೆಲವೇ ದಿನಗಳಲ್ಲಿ ಬಾಗಿ ಬೀಳುವುದುಂಟು. ಇದನ್ನು ಕಾಂಡ ಕೊಳೆ ಅಥವಾ ಬುಡ ಕೊಳೆ ರೋಗ ಎನ್ನಲಾಗುತ್ತದೆ. ಗಿಡ ಬಾಡಿರುವುದನ್ನು ಕಂಡು ನೀರು ಸಾಲದೆಂದು ಭಾವಿಸಿ ಮತ್ತಷ್ಟು ನೀರು ಹಾಕುವುದರಿಂದಲೇ ಉಳಿಯಬಹುದಾಗಿದ್ದ ಅನೇಕ ಗಿಡಗಳು ನಾಶವಾಗುತ್ತವೆ.

ಈ ರೋಗದ ವಿಷಯದಲ್ಲಿ ಸಾರ್ವಜನಿಕರು ಮುಖ್ಯವಾಗಿ ತಿಳಿದಿರಬೇಕಾದ ಅಂಶವೆಂದರೆ, ಒಮ್ಮೆ ಕೊಳೆತ ಕಾಂಡವು ಯಾವ ಔಷಧಿಯಿಂದಲೂ ಮತ್ತೆ ಗಟ್ಟಿಯಾಗುವುದಿಲ್ಲ. ಉಳಿಸಿಕೊಳ್ಳಲು ಸಾಧ್ಯವಿರುವುದು ಕೊಳೆಯ ಮೇಲಿರುವ ಆರೋಗ್ಯವಂತ ಭಾಗವನ್ನು ಮಾತ್ರ. ಆದ್ದರಿಂದ ಔಷಧಿ ಹುಡುಕುವುದಕ್ಕೆ ಮೊದಲು ನೀರು ನಿಲ್ಲಿಸುವುದು, ಕೊಳೆತ ಭಾಗವನ್ನು ಕತ್ತರಿಸಿ ತೆಗೆಯುವುದು ಮತ್ತು ಉಳಿದ ಭಾಗಕ್ಕೆ ಹೊಸ ಬೇರು ಬರುವಂತೆ ಮಾಡುವುದು ಸರಿಯಾದ ಕ್ರಮ.

ರೋಗಕ್ಕೆ ಕಾರಣ

ಮಣ್ಣಿನಲ್ಲಿ ವಾಸಿಸುವ ಪಿಥಿಯಂ, ಫೈಟಾಫ್ತೊರಾ, ರೈಜೋಕ್ಟೋನಿಯಾ, ಸ್ಕ್ಲೆರೋಶಿಯಂ ಮುಂತಾದ ಶಿಲೀಂಧ್ರ ಹಾಗೂ ಶಿಲೀಂಧ್ರದಂತಹ ಜೀವಿಗಳಿಂದ ಕಾಂಡ ಕೊಳೆ ಉಂಟಾಗುತ್ತದೆ. ಲೋಳೆಸರ, ಡಂಬ್ ಕೇನ್‌ನಂತಹ ರಸಭರಿತ ಗಿಡಗಳಲ್ಲಿ ದುಂಡಾಣುಗಳಿಂದಲೂ ಕೊಳೆ ಬರುತ್ತದೆ. ಈ ಜೀವಿಗಳು ಮಣ್ಣಿನಲ್ಲಿದ್ದ ಮಾತ್ರಕ್ಕೆ ಗಿಡ ಸಾಯುವುದಿಲ್ಲ. ಕುಂಡದಲ್ಲಿ ನೀರು ನಿಂತು, ಮಣ್ಣಿನೊಳಗೆ ಗಾಳಿ ಆಡದೆ, ಬೇರುಗಳು ಉಸಿರಾಡಲಾಗದೆ ದುರ್ಬಲವಾದಾಗ ರೋಗವು ಬೇರಿನಿಂದ ಬುಡಕ್ಕೂ, ಬುಡದಿಂದ ಕಾಂಡಕ್ಕೂ ಏರುತ್ತದೆ.

ತೊಗರಿ ಬೆಳೆಯುವ ಈ ಭಾಗದ ರೈತರಿಗೆ ಇದು ಹೊಸ ವಿಷಯವಲ್ಲ. ಹೊಲದಲ್ಲಿ ನೀರು ನಿಂತ ಕಡೆ ತೊಗರಿಗೆ ಫೈಟಾಫ್ತೊರಾದಿಂದ ಕಾಂಡ ಅಂಗಮಾರಿ ಬರುವುದನ್ನು ಅವರು ಕಂಡಿದ್ದಾರೆ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರದಿಂದ ಬರುವ ನೆಟೆ ರೋಗವು 2022ರ ಮುಂಗಾರು ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ಭಾರಿ ಹಾನಿ ಉಂಟುಮಾಡಿತು. ನೆಟೆ ರೋಗದ ಶಿಲೀಂಧ್ರವು ತೊಗರಿಗೆ ಸೀಮಿತವಾದುದು. ಅದು ತುಳಸಿಗಾಗಲೀ ಮನಿ ಪ್ಲಾಂಟ್‌ಗಾಗಲೀ ಬರುವುದಿಲ್ಲ. ಆದರೆ ಎರಡೂ ಕಡೆ ಅನ್ವಯಿಸುವ ತತ್ವ ಒಂದೇ: ಮಣ್ಣಿನಿಂದ ಬರುವ ರೋಗವನ್ನು ಗಿಡ ಬಾಡಿದ ಮೇಲೆ ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದೇ ದಾರಿ. ತೊಗರಿಗೆ 1986ರಲ್ಲಿ ಬಿಡುಗಡೆಯಾದ ಮಾರುತಿಯಂತಹ ನೆಟೆ ನಿರೋಧಕ ತಳಿಗಳಿವೆ. ಕುಂಡದ ಗಿಡಕ್ಕೆ ಅಂತಹ ತಳಿಯ ಆಸರೆ ಸಾಮಾನ್ಯವಾಗಿ ದೊರೆಯುವುದಿಲ್ಲವಾದ್ದರಿಂದ ಮಣ್ಣು ಮತ್ತು ನೀರಿನ ನಿರ್ವಹಣೆಯೇ ಅದಕ್ಕೆ ರಕ್ಷಣೆ.

ಈ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶಗಳು

1. ಎರೆ ಮಣ್ಣು: ಸೇಡಂ, ಚಿತ್ತಾಪುರ ಮತ್ತು ಶಹಾಬಾದ್ ಸುತ್ತಲಿನ ಕಪ್ಪು ಎರೆ ಮಣ್ಣು ಹೊಲದಲ್ಲಿ ತೇವ ಹಿಡಿದಿಡುವ ಗುಣದಿಂದ ಬೆಳೆಗೆ ಉಪಕಾರಿ. ಅದೇ ಗುಣ ಕುಂಡದಲ್ಲಿ ಅಪಕಾರಿಯಾಗುತ್ತದೆ. ಒದ್ದೆಯಾದಾಗ ಹಿಗ್ಗಿ ಅಂಟಂಟಾಗುವ, ಒಣಗಿದಾಗ ಬಿರುಕು ಬಿಡುವ ಈ ಮಣ್ಣಿನಿಂದ ನೀರು ಬೇಗ ಬಸಿಯುವುದಿಲ್ಲ. ಹೊಲದ ಎರೆ ಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಬಾರದು.

2. ಶಹಾಬಾದ್ ಕಲ್ಲಿನ ನೆಲ: ಈ ಊರುಗಳ ಬಹುತೇಕ ಮನೆಗಳಲ್ಲಿ ಶಹಾಬಾದ್ ಹಾಸುಗಲ್ಲಿನ ನೆಲವಿದೆ. ಸಮತಟ್ಟಾದ ಕಲ್ಲಿನ ಮೇಲೆ ಕುಂಡವನ್ನು ನೇರವಾಗಿ ಇಟ್ಟರೆ ತಳದ ರಂಧ್ರ ಕಲ್ಲಿಗೆ ಒತ್ತಿಕೊಂಡು ಮುಚ್ಚಿಹೋಗುತ್ತದೆ. ರಂಧ್ರವಿದ್ದೂ ನೀರು ಹೊರಹೋಗುವುದಿಲ್ಲ. ಕುಂಡದ ಕೆಳಗೆ ಮೂರು ಕಡೆ ಕಲ್ಲಿನ ಅಥವಾ ಹೆಂಚಿನ ಚೂರುಗಳನ್ನಿಟ್ಟು ಒಂದು ಬೆರಳಿನಷ್ಟು ಎತ್ತರಿಸುವುದು. ಬೇಸಿಗೆಯಲ್ಲಿ ಕಾದ ಕಲ್ಲಿನ ಶಾಖ ಬೇರಿಗೆ ತಗಲದಂತೆಯೂ ಇದು ತಡೆಯುತ್ತದೆ.

3. ಸುಣ್ಣದ ಅಂಶ: ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಸುಣ್ಣಕಲ್ಲಿನ ನೆಲದ ಮೇಲಿರುವ ಊರುಗಳು. ಇಲ್ಲಿನ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಅಂತಹ ನೀರಿನಿಂದ ಮಣ್ಣಿನಲ್ಲಿ ಕ್ಷಾರ ಹೆಚ್ಚಿ ಎಳೆ ಎಲೆಗಳು ಹಳದಿಯಾಗುತ್ತವೆ, ಅವುಗಳ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದು ಕಬ್ಬಿಣಾಂಶದ ಕೊರತೆಯೇ ಹೊರತು ಕೊಳೆ ರೋಗವಲ್ಲ. ಮಳೆ ನೀರನ್ನು ಹಿಡಿದಿಟ್ಟು ಕುಂಡಗಳಿಗೆ ಬಳಸುವುದು ಒಳ್ಳೆಯದು. ಸುಣ್ಣಕಲ್ಲಿನ ಪುಡಿ, ಸಿಮೆಂಟ್ ಬೆರೆತ ಮರಳು ಹಾಗೂ ಕಟ್ಟಡದ ಪುಡಿಯನ್ನು ಕುಂಡದ ಮಣ್ಣಿಗೆ ಬೆರೆಸಬಾರದು.

4. ಮುಚ್ಚಿದ ತುಳಸಿ ಕಟ್ಟೆ: ಸಿಮೆಂಟಿನಿಂದ ಕಟ್ಟಿದ ಅನೇಕ ತುಳಸಿ ಕಟ್ಟೆಗಳಲ್ಲಿ ನೀರು ಬಸಿಯಲು ದಾರಿಯೇ ಇರುವುದಿಲ್ಲ. ಮಣ್ಣಿನ ತಳಮಟ್ಟಕ್ಕೆ ಸರಿಯಾಗಿ ಪಕ್ಕದ ಗೋಡೆಯಲ್ಲಿ ಎರಡು ರಂಧ್ರಗಳನ್ನು ಕೊರೆಸುವುದು ಅವಶ್ಯ.

5. ಚಿಂಚೋಳಿ ಭಾಗ: ಇಲ್ಲಿ ಕೆಲವೆಡೆ ದೊರೆಯುವ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಎರೆ ಮಣ್ಣಿಗಿಂತ ಚೆನ್ನಾಗಿ ಬಸಿಯುತ್ತದೆ. ಕುಂಡದ ಮಿಶ್ರಣಕ್ಕೆ ಈ ಮಣ್ಣು ಯೋಗ್ಯವಾದುದು.

ರೋಗದ ಲಕ್ಷಣಗಳು

ಗಿಡ ಬಾಡುವುದಕ್ಕೆ ನೀರಿನ ಕೊರತೆಯೂ ಕಾರಣವಿರಬಹುದು, ಕೊಳೆ ರೋಗವೂ ಕಾರಣವಿರಬಹುದು. ಎರಡಕ್ಕೂ ಮಾಡಬೇಕಾದ ಉಪಚಾರ ಪರಸ್ಪರ ವಿರುದ್ಧವಾದುದರಿಂದ ಮೊದಲು ವ್ಯತ್ಯಾಸವನ್ನು ಗುರುತಿಸತಕ್ಕದ್ದು.

ನೀರಿನ ಕೊರತೆ ಇದ್ದಲ್ಲಿ: ಮಣ್ಣು ಒಣಗಿರುತ್ತದೆ, ಕುಂಡ ಎತ್ತಿದರೆ ಹಗುರವಾಗಿರುತ್ತದೆ, ಕಾಂಡದ ಬುಡ ಗಟ್ಟಿಯಾಗಿರುತ್ತದೆ, ನೀರು ಹಾಕಿದ ಕೆಲವು ಗಂಟೆಗಳಲ್ಲಿ ಗಿಡ ಚೇತರಿಸಿಕೊಳ್ಳುತ್ತದೆ.

ಕಾಂಡ ಕೊಳೆ ಇದ್ದಲ್ಲಿ: ಮಣ್ಣು ಒದ್ದೆಯಾಗಿದ್ದರೂ ಎಲೆಗಳು ಜೋತುಬಿದ್ದಿರುತ್ತವೆ, ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ಕುಸಿಯುತ್ತದೆ, ತೊಗಟೆ ಸುಲಭವಾಗಿ ಸುಲಿದು ಬರುತ್ತದೆ, ಬೇರುಗಳು ಕಂದಾಗಿ, ಎಳೆದರೆ ಮೇಲಿನ ಪದರ ಕಳಚಿ ದಾರದಂತಹ ಎಳೆ ಮಾತ್ರ ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ನೂಲಿನಂತಹ ಬೆಳವಣಿಗೆಯೂ ಸಾಸಿವೆ ಕಾಳಿನಂತಹ ಕಂದು ಗುಂಡುಗಳೂ ಕಂಡರೆ ಅದು ಸ್ಕ್ಲೆರೋಶಿಯಂ ಶಿಲೀಂಧ್ರದ ಗುರುತು. ಬುಡ ಲೋಳೆಯಾಗಿ ದುರ್ವಾಸನೆ ಬೀರಿದರೆ ದುಂಡಾಣು ಕೊಳೆಯ ಸಾಧ್ಯತೆ ಹೆಚ್ಚು. ಇದಕ್ಕೆ ಶಿಲೀಂಧ್ರನಾಶಕಗಳಿಂದ ಪ್ರಯೋಜನವಿಲ್ಲ.

ಹಳೆಯ ತುಳಸಿ, ದಾಸವಾಳ ಮುಂತಾದ ಗಿಡಗಳ ಬುಡ ಕಟ್ಟಿಗೆಯಂತೆ ಕಂದಾಗಿರುವುದು ಸಹಜ. ಸಂದೇಹವಿದ್ದಲ್ಲಿ ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡುವುದು. ಒಳಗೆ ಹಸಿರು ಕಂಡರೆ ಆ ಭಾಗ ಜೀವಂತವಾಗಿದೆ. ಕಂದು ಕಂಡರೆ ಸತ್ತಿದೆ.

ಗಿಡ ಉಳಿಸುವ ಕ್ರಮ

ರೋಗ ಖಚಿತವಾದ ದಿನವೇ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳತಕ್ಕದ್ದು. ವಿಳಂಬವಾದಷ್ಟೂ ಕೊಳೆ ಮೇಲಕ್ಕೇರಿ, ಉಳಿಸಬಹುದಾದ ಭಾಗ ಕಡಿಮೆಯಾಗುತ್ತದೆ.

1. ನೀರು ಮತ್ತು ಗೊಬ್ಬರವನ್ನು ಕೂಡಲೇ ನಿಲ್ಲಿಸುವುದು. ಕುಂಡವನ್ನು ಇತರ ಗಿಡಗಳಿಂದ ದೂರವಿರಿಸುವುದು.

2. ಗಿಡವನ್ನು ಮಣ್ಣು ಸಹಿತ ಹೊರತೆಗೆದು, ಬೇರಿಗಂಟಿದ ಮಣ್ಣನ್ನು ನೀರಿನಿಂದ ತೊಳೆದು, ಕೊಳೆ ಎಲ್ಲಿಯವರೆಗೆ ಏರಿದೆ ಎಂದು ಪರಿಶೀಲಿಸುವುದು. ಬೇರು ಮಾತ್ರ ಕೊಳೆತು ಕಾಂಡ ಗಟ್ಟಿಯಾಗಿದ್ದರೆ, ಕೊಳೆತ ಬೇರುಗಳನ್ನಷ್ಟೇ ಕತ್ತರಿಸಿ ಹೊಸ ಮಣ್ಣಿನಲ್ಲಿ ನೆಡಬಹುದು.

3. ಕಾಂಡ ಕೊಳೆತಿದ್ದರೆ, ಹರಿತವಾದ ಚಾಕು ಅಥವಾ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ ಅಥವಾ ಕುದಿಯುವ ನೀರಿನಲ್ಲಿ ಅದ್ದಿ, ಕೊಳೆತ ಭಾಗಕ್ಕಿಂತ ಎರಡು ಬೆರಳು ಮೇಲೆ ಕತ್ತರಿಸುವುದು. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ ಅಥವಾ ಉಂಗುರ ಕಂಡರೆ ರೋಗ ಇನ್ನೂ ಮೇಲಿದೆ ಎಂದು ತಿಳಿಯುವುದು. ಪ್ರತಿ ಸಲವೂ ಚಾಕುವನ್ನು ಒರೆಸಿ, ಮುಖವು ಪೂರ್ತಿ ಸ್ವಚ್ಛವಾಗಿ ಕಾಣುವವರೆಗೆ ಸ್ವಲ್ಪ ಸ್ವಲ್ಪವಾಗಿ ಮೇಲೆ ಕತ್ತರಿಸುತ್ತ ಹೋಗುವುದು. ಈ ಹಂತದಲ್ಲಿ ತೋರುವ ಕನಿಕರವೇ ಗಿಡವನ್ನು ಕೊಲ್ಲುತ್ತದೆ. ಬೆರಳಗಲದಷ್ಟು ಕೊಳೆ ಉಳಿದರೂ ಅದು ಮತ್ತೆ ಹಬ್ಬುತ್ತದೆ.

4. ಕತ್ತರಿಸಿದ ಮುಖಕ್ಕೆ ಅರಿಶಿನ ಅಥವಾ ಬೂದಿ ಹಚ್ಚುವ ರೂಢಿಯಿದೆ. ಅದಕ್ಕೆ ಅಡ್ಡಿಯಿಲ್ಲ. ಆದರೆ ಒಳಗೆ ಕೊಳೆ ಉಳಿದಿದ್ದಲ್ಲಿ ಅದರಿಂದ ಪ್ರಯೋಜನವಿಲ್ಲ.

5. ಉಳಿದ ಭಾಗಕ್ಕೆ ಗಿಡದ ಜಾತಿಗನುಗುಣವಾಗಿ ಈ ಕೆಳಗಿನಂತೆ ಬೇರು ಬರಿಸುವುದು.

ಗಿಡವಾರು ವಿಧಾನ

ತುಳಸಿ: ಹೂ ಬಿಡದ ಆರೋಗ್ಯವಂತ ಚಿಗುರುಗಳಿಂದ ಸುಮಾರು 10 ಸೆಂಟಿಮೀಟರ್ ಉದ್ದದ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಶುದ್ಧ ನೀರಿನಲ್ಲಿ ಅಥವಾ ತೇವದ ಮರಳಿನಲ್ಲಿ ನೆರಳಿನಲ್ಲಿಡುವುದು. ನೀರನ್ನು ಎರಡು ದಿನಕ್ಕೊಮ್ಮೆ ಬದಲಾಯಿಸುವುದು. ಸಾಮಾನ್ಯವಾಗಿ ಎರಡು ವಾರಗಳಲ್ಲಿ ಬೇರು ಬರುತ್ತದೆ. ಒಂದೇ ಕಡ್ಡಿಯನ್ನು ನಂಬದೆ ಐದಾರು ಕಡ್ಡಿಗಳನ್ನು ಇಡುವುದು. ಒಣಗಿದ ತೆನೆಗಳಿದ್ದರೆ ಬೀಜವನ್ನೂ ತೆಗೆದಿರಿಸುವುದು.

ಮನಿ ಪ್ಲಾಂಟ್: ಪ್ರತಿ ತುಂಡಿನಲ್ಲಿ ಕನಿಷ್ಠ ಒಂದು ಗೆಣ್ಣು ಹಾಗೂ ಒಂದು ಎಲೆ ಇರುವಂತೆ ಬಳ್ಳಿಯನ್ನು ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಿನಲ್ಲಿಡುವುದು. ಗೆಣ್ಣಿಲ್ಲದ ತುಂಡು ಹೊಸ ಬಳ್ಳಿಯಾಗಿ ಚಿಗುರುವುದಿಲ್ಲ.

ಲೋಳೆಸರ, ಪಾಪಸುಕಳ್ಳಿ, ಸ್ನೇಕ್ ಪ್ಲಾಂಟ್ ಮತ್ತು ಅಡೇನಿಯಂ: ಇವುಗಳನ್ನು ಕತ್ತರಿಸಿದ ಕೂಡಲೇ ನೆಡಬಾರದು. ಗಾಯ ಒಣಗಿ ಗಟ್ಟಿ ಪೊರೆ ಕಟ್ಟುವವರೆಗೆ ಐದರಿಂದ ಏಳು ದಿನ, ದಪ್ಪ ಕಾಂಡವಾದರೆ ಇನ್ನೂ ಹೆಚ್ಚು ದಿನ, ಗಾಳಿಯಾಡುವ ನೆರಳಿನಲ್ಲಿರಿಸಿ, ಬಳಿಕ ಮರಳು ಹೆಚ್ಚಿರುವ ಒಣ ಮಿಶ್ರಣದಲ್ಲಿ ನೆಡುವುದು. ನೆಟ್ಟ ಮೇಲೆ ಒಂದು ವಾರ ನೀರು ಹಾಕಬಾರದು. ಲೋಳೆಸರದ ಬುಡ ಪೂರ್ತಿ ಕೊಳೆತಿದ್ದರೂ ಪಕ್ಕದಲ್ಲಿ ಹುಟ್ಟಿದ ಮರಿಗಳು ಗಟ್ಟಿಯಾಗಿದ್ದರೆ ಅವುಗಳನ್ನು ಬೇರ್ಪಡಿಸಿ ನೆಡಬಹುದು.

ಡಂಬ್ ಕೇನ್: ತುದಿಯ ಭಾಗವನ್ನೂ, ಗೆಣ್ಣುಗಳಿರುವ ಕಾಂಡದ ತುಂಡುಗಳನ್ನೂ ಒಂದು ದಿನ ಒಣಗಿಸಿ ತೇವದ ಮರಳಿನಲ್ಲಿ ನೆಡಬಹುದು. ಇದರ ರಸ ಬಾಯಿ, ಕಣ್ಣು ಹಾಗೂ ಚರ್ಮಕ್ಕೆ ತೀವ್ರ ಉರಿ ಉಂಟುಮಾಡುತ್ತದೆ. ಅಡೇನಿಯಂ ರಸವೂ ವಿಷಕಾರಿ. ಎರಡನ್ನೂ ಕೈಚೀಲ ಧರಿಸಿಯೇ ಕತ್ತರಿಸುವುದು, ಮಕ್ಕಳನ್ನು ದೂರವಿಡುವುದು.

ದಾಸವಾಳ: ಪೆನ್ಸಿಲ್ ದಪ್ಪದ, ಪೂರ್ತಿ ಎಳೆಯದಲ್ಲದ ಕಡ್ಡಿಗಳನ್ನು ಓರೆಯಾಗಿ ಕತ್ತರಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ನೆಡುವುದು. ಬೇರು ಬರಲು ತಿಂಗಳು ಬೇಕಾಗಬಹುದು.

ಕಂದು ಬಣ್ಣ ತುದಿಯವರೆಗೂ ಏರಿದ್ದರೆ ಗಿಡ ಉಳಿಯುವುದಿಲ್ಲ. ಅಂತಹ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕದೆ ಪ್ರತ್ಯೇಕವಾಗಿ ವಿಲೇವಾರಿ ಮಾಡುವುದು.

ಕುಂಡ ಮತ್ತು ಮಣ್ಣಿನ ಶುದ್ಧೀಕರಣ

ರೋಗ ಬಂದ ಮಣ್ಣಿನಲ್ಲಿ ಮತ್ತೆ ಗಿಡ ನೆಡಬಾರದು. ಕುಂಡವನ್ನು ಉಜ್ಜಿ ತೊಳೆದು, ಒಂದು ಪಾಲು ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಮತ್ತೆ ತೊಳೆದು ಬಿಸಿಲಿನಲ್ಲಿ ಒಣಗಿಸುವುದು.

ಹಳೆಯ ಮಣ್ಣನ್ನು ಬಳಸಲೇಬೇಕಾದಲ್ಲಿ ಬಿಸಿಲಿನಿಂದ ಶುದ್ಧಗೊಳಿಸಬಹುದು. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಜಿಲ್ಲೆಯಲ್ಲಿ ಈ ವಿಧಾನಕ್ಕೆ ಖರ್ಚು ಕಡಿಮೆ. ಮಣ್ಣನ್ನು ತುಸು ತೇವಗೊಳಿಸಿ, ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ತೆಳುವಾಗಿ ಹರಡಿ, ಬಾಯಿ ಕಟ್ಟಿ, ಪೂರ್ಣ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಇಡುವುದು. ಮಳೆಗಾಲದಲ್ಲಿ ಈ ವಿಧಾನ ಫಲಕಾರಿಯಲ್ಲ.

ಹೊಸ ಮಿಶ್ರಣ: ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು. ಲೋಳೆಸರ, ಪಾಪಸುಕಳ್ಳಿ ಜಾತಿಗೆ ಮರಳನ್ನು ಎರಡು ಪಾಲಿಗೆ ಹೆಚ್ಚಿಸುವುದು. ಹಸಿ ಸಗಣಿ ಹಾಗೂ ಕಳಿಯದ ಗೊಬ್ಬರ ಬಳಸಬಾರದು. ಕುಂಡದ ತಳದಲ್ಲಿ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಜಲ್ಲಿಯ ಮೇಲಿನ ಮಣ್ಣಿನಲ್ಲಿ ನೀರು ನಿಂತು, ಒದ್ದೆ ಭಾಗ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ರಂಧ್ರದ ಮೇಲೆ ಒಂದು ಹೆಂಚಿನ ಚೂರು ಸಾಕು. ಕಾಂಡದ ಬುಡವನ್ನು ಮೊದಲಿದ್ದ ಮಟ್ಟಕ್ಕಿಂತ ಆಳದಲ್ಲಿ ಹೂಳಬಾರದು.

ಜೈವಿಕ ಹಾಗೂ ರಾಸಾಯನಿಕ ಕ್ರಮಗಳು

ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವು ಮಣ್ಣಿನ ರೋಗಕಾರಕಗಳನ್ನು ಹತ್ತಿಕ್ಕುತ್ತದೆ. ಒಂದು ಕಿಲೋ ಕಳಿತ ಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮಾ ಪುಡಿ ಬೆರೆಸಿ, ತುಸು ತೇವ ಮಾಡಿ, ನೆರಳಿನಲ್ಲಿ ಒಂದು ವಾರ ಇಟ್ಟು, ಬಳಿಕ ಕುಂಡದ ಮಣ್ಣಿಗೆ ಸೇರಿಸುವುದು. ಇದು ರೋಗ ತಡೆಯುವ ಕ್ರಮವೇ ಹೊರತು ಕೊಳೆತ ಕಾಂಡಕ್ಕೆ ಚಿಕಿತ್ಸೆಯಲ್ಲ. ಕೊಳ್ಳುವಾಗ ಬಳಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ರಾಸಾಯನಿಕ ಶಿಲೀಂಧ್ರನಾಶಕದೊಂದಿಗೆ ಇದನ್ನು ಬೆರೆಸಬಾರದು. ಎರಡರ ನಡುವೆ ಕನಿಷ್ಠ ಹದಿನೈದು ದಿನಗಳ ಅಂತರವಿರಲಿ.

ಅಲಂಕಾರಿಕ ಗಿಡಗಳಿಗೆ ಮಾತ್ರ, ಅವಶ್ಯವಿದ್ದಲ್ಲಿ, ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಮರುನೆಟ್ಟ ಗಿಡದ ಬುಡಕ್ಕೆ ಒಮ್ಮೆ ಹಾಕಬಹುದು. ತುಳಸಿ, ಲೋಳೆಸರ, ಕರಿಬೇವು, ದೊಡ್ಡಪತ್ರೆ ಮುಂತಾದ ಸೇವಿಸುವ ಗಿಡಗಳಿಗೆ ಮನೆಯಲ್ಲಿ ರಾಸಾಯನಿಕ ಹಾಕಬಾರದು. ತುಳಸಿ ದಳವು ತೀರ್ಥದಲ್ಲಿಯೂ ಕಷಾಯದಲ್ಲಿಯೂ ಬಳಕೆಯಾಗುವುದರಿಂದ ಮಕ್ಕಳು ಹಾಗೂ ವೃದ್ಧರು ಅದನ್ನು ನೇರವಾಗಿ ಸೇವಿಸುತ್ತಾರೆ ಎಂಬುದನ್ನು ಮರೆಯಬಾರದು. ಯಾವುದೇ ಶಿಲೀಂಧ್ರನಾಶಕವನ್ನು ಮೂಲ ಪೊಟ್ಟಣದಲ್ಲಿ, ಚೀಟಿ ಓದಿ, ರಸೀದಿಯೊಂದಿಗೆ ಪರವಾನಗಿ ಹೊಂದಿದ ಮಾರಾಟಗಾರರಿಂದಲೇ ಕೊಳ್ಳತಕ್ಕದ್ದು. ಬಿಡಿಯಾಗಿ ಕಾಗದದಲ್ಲಿ ಕಟ್ಟಿಕೊಡುವ ಪುಡಿಯನ್ನು ಕೊಳ್ಳಬಾರದು.

ಮುನ್ನೆಚ್ಚರಿಕೆ: ನೀರಿನ ನಿಯಮ

ದಿನವನ್ನು ನೋಡಿ ನೀರು ಹಾಕದೆ ಮಣ್ಣನ್ನು ನೋಡಿ ನೀರು ಹಾಕುವುದು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿದಾಗ ತೇವ ತಗಲಿದರೆ ಆ ದಿನ ನೀರು ಬೇಡ. ಹಾಕುವಾಗ ತಳದಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುವುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಹಿಡಿದ ದಿನಗಳಲ್ಲಿ ಕುಂಡಗಳನ್ನು ಸೂರಿನ ಅಡಿಗೆ ಸರಿಸುವುದು. ಸೂರಿನ ಅಂಚಿನಿಂದ ಸುರಿಯುವ ನೀರು ನೇರವಾಗಿ ಕುಂಡಕ್ಕೆ ಬೀಳದಂತೆ ನೋಡಿಕೊಳ್ಳುವುದು. ನಲ್ಲಿಯಲ್ಲಿ ನೀರು ಬಂದ ದಿನ ಒಂದೇ ಸಲ ಹೆಚ್ಚು ಹಾಕಿ, ಮುಂದಿನ ದಿನಗಳಿಗೂ ಆಯಿತೆಂದು ಭಾವಿಸುವ ಪದ್ಧತಿ ಕುಂಡದ ಗಿಡಕ್ಕೆ ಸಲ್ಲದು.

ನಿತ್ಯ ಪೂಜೆಯಲ್ಲಿ ತುಳಸಿಗೆ ನೀರೆರೆಯುವವರು ಒಂದು ಉದ್ಧರಣೆಯಷ್ಟು ನೀರನ್ನು ಕಾಂಡಕ್ಕೆ ತಾಗದಂತೆ ಕಟ್ಟೆಯ ಅಂಚಿಗೆ ಹಾಕಿದರೆ ಆಚರಣೆಗೂ ಲೋಪವಿಲ್ಲ, ಗಿಡಕ್ಕೂ ಹಾನಿಯಿಲ್ಲ. ಅಭಿಷೇಕದ ಹಾಲು, ಸಕ್ಕರೆ ಬೆರೆತ ನೀರು ಹಾಗೂ ಒಣಗಿದ ಹೂಮಾಲೆಗಳನ್ನು ಬುಡಕ್ಕೆ ಹಾಕಬಾರದು. ಮಳೆಗಾಲದಲ್ಲಿ ಹಾಳಾದ ತುಳಸಿಯ ಅಭಾವ ಕಾರ್ತಿಕ ಮಾಸದ ತುಳಸಿ ಲಗ್ನದ ವೇಳೆಗೆ ಎದ್ದು ಕಾಣುತ್ತದೆ. ಆದ್ದರಿಂದ ಮೂಲ ಗಿಡ ಚೆನ್ನಾಗಿರುವಾಗಲೇ, ಜುಲೈ ತಿಂಗಳಲ್ಲಿ, ಒಂದೆರಡು ಕಡ್ಡಿಗಳನ್ನು ಬೇರೆ ಕುಂಡದಲ್ಲಿ ಬೆಳೆಸಿಟ್ಟುಕೊಳ್ಳುವುದು ಸೂಕ್ತ. ಹಿರಿಯರು ನೆಟ್ಟ ಗಿಡದ ಕಡ್ಡಿಯಿಂದ ಬೆಳೆದ ಗಿಡವು ಅದೇ ಗಿಡದ ಮುಂದುವರಿಕೆಯೇ ಆಗಿರುತ್ತದೆ.

ಸಲಹೆ ಪಡೆಯುವ ವಿಧಾನ

ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕು ಕೇಂದ್ರಗಳಾಗಿದ್ದು, ವಾಡಿ ಪಟ್ಟಣವು ಚಿತ್ತಾಪುರ ತಾಲ್ಲೂಕಿಗೆ ಸೇರಿದೆ. ಸಾರ್ವಜನಿಕರು ತಮ್ಮ ತಾಲ್ಲೂಕಿನ ವ್ಯಾಪ್ತಿಯ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಂದಲೂ ಸಲಹೆ ಕೇಳಬಹುದು. 2004ರಲ್ಲಿ ಆರಂಭವಾದ ಕಿಸಾನ್ ಕರೆ ಕೇಂದ್ರದ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10 ಗಂಟೆಯವರೆಗೆ ಕರೆ ಮಾಡಿ ಕನ್ನಡದಲ್ಲಿಯೇ ವಿವರ ಪಡೆಯಬಹುದು.

ಸಲಹೆ ಕೋರುವವರು ಈ ಕೆಳಗಿನ ವಿವರಗಳನ್ನು ಸಿದ್ಧವಿಟ್ಟುಕೊಂಡಲ್ಲಿ ರೋಗ ಗುರುತಿಸುವುದು ಸುಲಭವಾಗುತ್ತದೆ.

1. ಗಿಡದ ಹೆಸರು, ಅಂದಾಜು ವಯಸ್ಸು ಮತ್ತು ಕೊನೆಯದಾಗಿ ಕುಂಡ ಬದಲಿಸಿದ ಸಮಯ.
2. ಲಕ್ಷಣ ಮೊದಲು ಕಂಡ ದಿನ ಹಾಗೂ ಬಾಡಿದ ದಿನ ಮಣ್ಣು ಒದ್ದೆಯಾಗಿತ್ತೇ, ಒಣಗಿತ್ತೇ ಎಂಬ ವಿವರ.
3. ಬಳಸಿದ ಮಣ್ಣು, ನೀರಿನ ಮೂಲ, ಹಾಕಿದ ಗೊಬ್ಬರ ಮತ್ತು ಔಷಧಿಗಳ ಹೆಸರು.
4. ಮಾದರಿ ತರುವುದಾದಲ್ಲಿ ಪೂರ್ತಿ ಸತ್ತ ಗಿಡದ ಬದಲು ರೋಗ ಆರಂಭವಾದ ಗಿಡವನ್ನು ಬೇರು ಮತ್ತು ಸ್ವಲ್ಪ ಮಣ್ಣಿನೊಂದಿಗೆ ತರುವುದು. ಕಾಗದದಲ್ಲಿ ಸುತ್ತುವುದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲಿಯೇ ಕೊಳೆ ಹೆಚ್ಚಿ ಮೂಲ ಲಕ್ಷಣ ಅಳಿಸಿಹೋಗುತ್ತದೆ.

ಸಾರ್ವಜನಿಕರ ಗಮನಕ್ಕೆ: ಸಲಹೆಗಾಗಿ ಕಾಯುವ ಅವಧಿಯಲ್ಲಿ ಕೊಳೆ ನಿಲ್ಲುವುದಿಲ್ಲ. ಕಚೇರಿಯನ್ನು ಸಂಪರ್ಕಿಸುವ ಮೊದಲೇ ನೀರು ನಿಲ್ಲಿಸಿ, ಗಿಡದ ಮೇಲ್ಭಾಗದಿಂದ ಕನಿಷ್ಠ ಎರಡು ಆರೋಗ್ಯವಂತ ಕಡ್ಡಿಗಳನ್ನು ಕತ್ತರಿಸಿ ಬೇರೆಯಾಗಿ ಇಟ್ಟುಕೊಳ್ಳತಕ್ಕದ್ದು. ಮೂಲ ಗಿಡ ಉಳಿಯದಿದ್ದರೂ ಅದರ ಸಂತತಿ ಉಳಿಯುತ್ತದೆ.